ಏಳಲಾಗದವರ ಮನೆಗೆ ಪರಮಪ್ರಸಾದ ಒಯ್ಯುವಾಗ

ಮುಂಬೈ ಅಂಧೇರಿಯ ನಮ್ಮ ಕಥೋಲಿಕ ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಕೂಡಲೇ, ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದ, ಅಂದ್ರೆ ಪೂಜೆಯಲ್ಲಿ ಪವಿತ್ರವಾದ ರೊಟ್ಟಿ, ಒಯ್ಯುವ ಸೇವೆ ನನ್ನದು. ಗುರುಗಳಲ್ಲದ ನಮ್ಮಂಥವರೂ ಇದನ್ನು ಮಾಡಬಹುದು ಅಂತ ರೋಮ್‌ನ ಪೋಪರ ಆಡಳಿತ ಒಪ್ಪಿದ್ದು 1973ರಲ್ಲಿ. ಆದರೆ ಮನೆಗೆ ಒಯ್ಯುವ ರೂಢಿ ತುಂಬಾ ಹಳೆಯದು. ಪೂಜೆಗೆ ಬರಲಾಗದವರಿಗೂ ಡೀಕನ್‌ಗಳ, ಅಂದ್ರೆ ಗುರುಗಳಿಗಿಂತ ಕೆಳಗಿನ ದರ್ಜೆಯ ಸೇವಕರ, ಕೈಯಲ್ಲಿ ಪಾಲು ಕಳಿಸುತ್ತಿದ್ದರು ಅಂತ ಆದಿ ಕ್ರೈಸ್ತ ಲೇಖಕ ಸಂತ ಜಸ್ಟಿನ್ ಸುಮಾರು ಕ್ರಿ.ಶ. 155ರಲ್ಲೇ ಬರೆದಿದ್ದಾರೆ. ಪಾಲು ಅನ್ನುವುದೇ ಇಲ್ಲಿ ಮುಖ್ಯ.

ಫಾದರ್ ಪಿಕ್ಸ್‌ನಲ್ಲಿ, ಅಂದ್ರೆ ಅಂಗೈಯೊಳಗೆ ಕೂರುವ ಮುಚ್ಚಳದ ಡಬ್ಬಿಯಲ್ಲಿ, ಪವಿತ್ರ ರೊಟ್ಟಿ ಇಟ್ಟು ಕೊಡುತ್ತಾರೆ. ಅದನ್ನು ಕುತ್ತಿಗೆಗೆ ಹಾಕಿಕೊಂಡು ಹೊರಟ ಮೇಲೆ ಫೋನ್ ಎತ್ತುವುದಿಲ್ಲ, ಚಹಾಕ್ಕೆ ನಿಲ್ಲುವುದಿಲ್ಲ, ಗುರುತಿನವರು ಸಿಕ್ಕರೆ ಕೈಯೆತ್ತಿ ಮುಂದೆ ಹೋಗುತ್ತೇನೆ. ಯೇಸುಸ್ವಾಮಿ ಜೊತೆಗಿದ್ದಾರೆ ಅಂತ ನಂಬಿದ ಮೇಲೆ ಅಷ್ಟಾದರೂ ಬೇಡವಾ? ರುಚಿ, ಬಣ್ಣ, ಆಕಾರ ಎಲ್ಲ ರೊಟ್ಟಿಯದ್ದೇ, ಆದರೆ ಅಲ್ಲಿರುವವರು ಕ್ರಿಸ್ತರು. 1551ರಲ್ಲಿ ಕಥೋಲಿಕ ಬಿಷಪ್‌ಗಳ ಟ್ರೆಂಟ್ ಮಹಾಸಭೆ ಇದನ್ನೇ ಖಚಿತ ಮಾಡಿತು. ಎಲ್ಲ ಕ್ರೈಸ್ತರೂ ಹೀಗೇ ನಂಬುವುದಿಲ್ಲ. 1529ರಲ್ಲಿ ಜರ್ಮನಿಯ ಮಾರ್ಬರ್ಗ್‌ನಲ್ಲಿ, ರೋಮ್‌ನಿಂದ ಬೇರೆಯಾದ ಸುಧಾರಕರಾದ ಲೂಥರ್, ಜ್ವಿಂಗ್ಲಿ ಎದುರುಬದುರು ಕೂತು ಮಿಕ್ಕಿದ್ದಕ್ಕೆಲ್ಲ ಒಪ್ಪಿದರೂ ಇದೊಂದರಲ್ಲಿ ಒಮ್ಮತಕ್ಕೆ ಬರಲಿಲ್ಲ.

ನಾನು ಹೋಗುವ ಒಂದು ಮನೆಯಲ್ಲಿ ಧಾರವಾಡ ಕಡೆಯ ಅಜ್ಜಿ ಇದ್ದಾರೆ. ಸೊಸೆ ಸ್ಟೂಲಿನ ಮೇಲಿನ ಮಾತ್ರೆ ಪಟ್ಟಿಗಳನ್ನು ಸರಿಸಿ, ಬಿಳಿ ಬಟ್ಟೆ ಹಾಸಿ, ಮೇಣದಬತ್ತಿ ಹಚ್ಚಿಟ್ಟಿರುತ್ತಾರೆ. ನಾನು ಕೂರುವ ಮೊದಲೇ ಅಜ್ಜಿ ಕೇಳುವುದು, "ಇವತ್ತ ಪೂಜಿಗೆ ಯಾರ್ಯಾರು ಬಂದಿದ್ರು, ತಮ್ಮಾ?" ನಾನು ಎಲ್ಲರ ಹೆಸರೂ ಹೇಳುತ್ತೇನೆ, ಅವಸರ ಮಾಡುವುದಿಲ್ಲ. ರೊಟ್ಟಿ ಒಂದೇ ಆದ್ದರಿಂದ ಅನೇಕರಾದ ನಾವು ಒಂದೇ ದೇಹ ಅಂತ ಸಂತ ಪೌಲರು ಕೊರಿಂಥದವರಿಗೆ ಬರೆದದ್ದು ಇದೇ ಅಲ್ವಾ? ಅಜ್ಜಿ ಕೈಚಾಚುವುದು ಆ ಜನರೆಲ್ಲ ಕೂತಿದ್ದ ಊಟಕ್ಕೆ.

ಆಮೇಲೆ ಅವತ್ತಿನ ಶುಭಸಂದೇಶ, ಅಂದ್ರೆ ಯೇಸುಸ್ವಾಮಿಯ ಬಗೆಗಿನ ಬೈಬಲ್ ಭಾಗ, ಸ್ವಲ್ಪ ಓದಿ, ಯೇಸುಸ್ವಾಮಿ ಕಲಿಸಿದ ಪರಲೋಕ ಮಂತ್ರ ಹೇಳುತ್ತೇವೆ. ಅಜ್ಜಿಗೆ ನುಂಗುವುದು ಕಷ್ಟ. ಹಾಗಾಗಿ ಉಗುರಿನಷ್ಟು ಚೂರು ಮುರಿದು, ಹಿಂದೆಯೇ ಒಂದು ಚಮಚ ನೀರು ಕೊಡುತ್ತೇನೆ. "ಅಷ್ಟೇ ಸಾಕಾ?" ಅಂತ ಸೊಸೆ ಕೇಳಿದ್ದುಂಟು. ಸಾಕು, ಚೂರಿನಲ್ಲೂ ಕ್ರಿಸ್ತರು ಪೂರ್ತಿ ಇದ್ದಾರೆ. ಇದು ನನ್ನ ಸಮಾಧಾನದ ಮಾತಲ್ಲ, ಧರ್ಮಸಭೆಯ ಬೋಧನೆ.

ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಸಂಕೋಚ ಬೇಡ, ಚರ್ಚಿನ ಆಫೀಸಿಗೆ ಹೇಳಿ. ಬೆಳಗಿನ ಮಾತ್ರೆ, ತಿಂಡಿ ಬಿಡಿಸಿ ಕಾಯಿಸಬೇಡಿ. ಪರಮಪ್ರಸಾದ ತೆಗೆದುಕೊಳ್ಳುವ ಮೊದಲಿನ ಒಂದು ಗಂಟೆಯ ಉಪವಾಸ ವಯಸ್ಸಾದವರಿಗೆ, ಕಾಯಿಲೆಯವರಿಗೆ, ಅವರನ್ನು ನೋಡಿಕೊಳ್ಳುವವರಿಗೆ ಕಡ್ಡಾಯವಲ್ಲ.