ಮಾಸ್ಟ್ ಏರದ ಎಐಎಸ್ ಆಂಟೆನಾ: ನನ್ನ ಅನುಭವ

ಎಐಎಸ್ ಅಂದರೆ ದೋಣಿಯ ಹೆಸರು, ಜಾಗ, ವೇಗವನ್ನು ಸುತ್ತಲಿನ ಹಡಗುಗಳಿಗೆ ರೇಡಿಯೋದಲ್ಲಿ ತಾನೇ ಸಾರುವ ಯಂತ್ರ. ಅದರ ಆಂಟೆನಾ ಮಾಸ್ಟ್ (ಹಾಯಿಕಂಬ) ತುದಿಯಲ್ಲೇ ಇರಬೇಕು ಅಂತ ಅಮೆರಿಕದ ಚೆಸಪೀಕ್ ಕೊಲ್ಲಿಯ ನಮ್ಮ ಮರೀನಾದಲ್ಲಿ ಎಲ್ಲರದೂ ಒಂದೇ ಮಾತು. ನನ್ನದು ದೋಣಿಯ ಹಿಂಬದಿಯ ಕಂಬಿ ಮೇಲಿದೆ, ನೀರಿನಿಂದ ಮೂರೇ ಮೀಟರ್. ಬಹಾಮಾಸ್ ದಾರಿಯಲ್ಲಿ ಸರಕು ಹಡಗುಗಳು ಹನ್ನೊಂದು-ಹನ್ನೆರಡು ಮೈಲಿಯಿಂದಲೇ ದೋಣಿಯ ಹೆಸರು ಹಿಡಿದು ಕರೆದವು.

ದುಡ್ಡು ಹೋಗಿದ್ದು ನಂಬರಿನಲ್ಲಿ. 338ರಿಂದ ಶುರುವಾಗುವ, ಬೋಟಿಂಗ್ ಸಂಘಗಳು ಕೊಡುವ ಎಂಎಂಎಸ್‌ಐ (ದೋಣಿಯ ಗುರುತಿನ ನಂಬರು) ಹತ್ತೇ ನಿಮಿಷದಲ್ಲಿ ಸಿಕ್ಕಿತು, ಅದನ್ನೇ ತುಂಬಿಸಿದೆ. ಅದು ದೇಶದೊಳಗೆ ಮಾತ್ರ. ಅಂತರರಾಷ್ಟ್ರೀಯ ಪಟ್ಟಿಗೆ ಹೋಗುವುದಿಲ್ಲ. ಹೊರದೇಶಕ್ಕೆ ಹೋಗಲು ಅಮೆರಿಕದ ಸಂಪರ್ಕ ಇಲಾಖೆ ಎಫ್‌ಸಿಸಿಯ ಶಿಪ್ ಸ್ಟೇಷನ್ ಲೈಸೆನ್ಸ್ ಬೇಕು, ಅದರ ಜೊತೆ ಬರುವುದು ಬೇರೆಯೇ ನಂಬರು. ಅಮೆರಿಕದಲ್ಲಿ ಕ್ಲಾಸ್ ಬಿ ಪೆಟ್ಟಿಗೆಗೆ (ಸಣ್ಣ ದೋಣಿಗಳ ಎಐಎಸ್ ಯಂತ್ರ) ನಂಬರು ತುಂಬಬೇಕಾದವರು ಮಾರಾಟಗಾರರು. ಒಮ್ಮೆ ಕೂತರೆ ನಾವು ಅಳಿಸಲಾರೆವು. ರೀಸೆಟ್‌ಗೆ ಕಳಿಸಿ ತರಿಸಲು ಮೂರು ವಾರ, ನೂರರ ಹತ್ತಿರ ಡಾಲರ್; ಲೈಸೆನ್ಸಿಗೆ ಇನ್ನೂರರ ಆಸುಪಾಸು. ಮೊದಲು ಲೈಸೆನ್ಸ್ ಮಾಡಿಸಿ, ಆಮೇಲೆ ಪೆಟ್ಟಿಗೆ. ಮಾತಾಡುವ ವಿಎಚ್‌ಎಫ್ ರೇಡಿಯೋದಲ್ಲಿ ಗುಂಡಿ ಒತ್ತಿ ಅಪಾಯದ ಕರೆ ಕಳಿಸುವ ಡಿಎಸ್‌ಸಿಗೂ ಅದೇ ನಂಬರು.

ಕ್ಲಾಸ್ ಬಿಯಲ್ಲಿ ಎರಡು ಬಗೆ. 2 ವಾಟ್‌ನ ಸಿಎಸ್‌ಟಿಡಿಎಂಎ ಬಿಟ್ಟು 5 ವಾಟ್‌ನ ಎಸ್‌ಒಟಿಡಿಎಂಎ ಕೊಂಡೆ, ಇನ್ನೂರು ಡಾಲರ್ ಹೆಚ್ಚಾಯಿತು. ಆರು ನಾಟ್ ವೇಗದಲ್ಲಿ ಎರಡೂ ಕಳಿಸುವುದು 30 ಸೆಕೆಂಡಿಗೊಮ್ಮೆಯೇ. ಆದರೆ ಮೊದಲನೆಯದು ಗದ್ದಲದ ಬಂದರಿನಲ್ಲಿ ಖಾಲಿ ಜಾಗ ಸಿಗುವವರೆಗೆ ಬಾಯಿ ಮುಚ್ಚಿಕೊಂಡಿರುತ್ತದೆ. ಎರಡನೆಯದು ಮುಂಚೆಯೇ ಟವೆಲ್ ಹಾಕಿ ಸೀಟು ಹಿಡಿಯುತ್ತದೆ.

ಇನ್ನು ಎತ್ತರದ ಲೆಕ್ಕ. ಹಡಗಿನ ಆಂಟೆನಾ 30 ಮೀಟರಿನಲ್ಲಿದ್ದರೆ, ನನ್ನ ಮೂರು ಮೀಟರಿಗೆ ರೇಡಿಯೋ ದಿಗಂತ ಸುಮಾರು 16 ನಾಟಿಕಲ್ ಮೈಲಿ, 15 ಮೀಟರ್ ಮಾಸ್ಟಿಗೆ 20 ಚಿಲ್ಲರೆ. ಆ ನಾಲ್ಕೈದು ಮೈಲಿಗಾಗಿ 18 ಮೀಟರ್ ಆರ್‌ಜಿ-58 (ತೆಳು ಆಂಟೆನಾ ಕೇಬಲ್) ಎಳೆದರೆ ಅರ್ಧಕ್ಕಿಂತ ಹೆಚ್ಚು ವಾಟ್ ಕೇಬಲ್ಲೇ ನುಂಗುತ್ತದೆ. ಒಂದೇ ಆಂಟೆನಾವನ್ನು ರೇಡಿಯೋ, ಎಐಎಸ್ ಎರಡಕ್ಕೂ ಹಂಚುವ ಸ್ಪ್ಲಿಟರ್ ಹಾಕಿದರೆ ರೇಡಿಯೋದಲ್ಲಿ ಮಾತಾಡುವಷ್ಟು ಹೊತ್ತು ಎಐಎಸ್ ಮೂಕ. ನನ್ನದು ನಾಲ್ಕು ಮೀಟರ್ ಆರ್‌ಜಿ-8ಎಕ್ಸ್, ತುಸು ದಪ್ಪ ಕೇಬಲ್. ಹೀಗೆ ಕೆಳಗೇ ಆಂಟೆನಾ ಇರುವ ಎರಡು ಹಾಯಿದೋಣಿಗಳ ನಡುವೆ ಮಾತ್ರ ನಷ್ಟ ನಿಜ, ಏಳು ಮೈಲಿ ದಾಟಿದರೆ ಪುಣ್ಯ. ನನ್ನ ಭಯ ಹಡಗುಗಳದ್ದು.

ಮೊದಲ ತಿಂಗಳು ವಿಎಸ್‌ಡಬ್ಲ್ಯುಆರ್ ಕೆಂಪು ದೀಪ (ಕಳಿಸಿದ ಶಕ್ತಿ ಆಂಟೆನಾದಿಂದ ಹೊರಹೋಗದೆ ವಾಪಸಾಗುತ್ತಿದೆ ಅನ್ನುವ ಸೂಚನೆ) ಆರಲೇ ಇಲ್ಲ. ಆಂಟೆನಾ ಬದಲಿಸಿದೆ, ಅರವತ್ತು ಡಾಲರ್ ದಂಡ. ಕೊನೆಗೆ ಕೇಬಲ್ ತುದಿಯ ಪಿಎಲ್-259 ಪ್ಲಗ್ ಕತ್ತರಿಸಿ ನೋಡಿದರೆ, ಹೆಣೆದ ತಾಮ್ರದ ಒಂದೇ ಎಳೆ, ಕೂದಲಿನಷ್ಟು, ನಡುತಂತಿಗೆ ತಾಗಿತ್ತು.

ಇನ್ನೊಂದು ಕಾಟ: ರಾತ್ರಿಯಾದರೆ ಪರದೆಯ ಮೇಲೆ ಹಡಗುಗಳು ಕಡಿಮೆ. ವಿಎಚ್‌ಎಫ್ ರೇಡಿಯೋದ ಖಾಲಿ ಚಾನೆಲ್‌ನಲ್ಲಿ ಸ್ಕ್ವೆಲ್ಚನ್ನು (ಗದ್ದಲ ಅಡಗಿಸುವ ಗುಬ್ಬಿ) ಗೊರಗೊರ ನಿಲ್ಲುವಷ್ಟಕ್ಕೆ ಮಾತ್ರ ತಿರುಗಿಸಿ, ಎಲ್‌ಇಡಿ ಲೈಟುಗಳನ್ನು ಒಂದೊಂದಾಗಿ ಹಾಕಿದೆ. ಹಿಂಬದಿಯ ಅಗ್ಗದ ಬಲ್ಬ್ ಹೊತ್ತಿದ್ದೇ ತಡ, ಗೊರಗೊರ ವಾಪಸ್. ಅಮೆರಿಕದ ಕೋಸ್ಟ್ ಗಾರ್ಡ್ ಎಲ್‌ಇಡಿ ದೀಪಗಳು ವಿಎಚ್‌ಎಫ್, ಎಐಎಸ್‌ಗೆ ಅಡ್ಡಿಮಾಡುತ್ತವೆ ಅಂತ 2018ರಲ್ಲೇ ಎಚ್ಚರಿಕೆ ಕೊಟ್ಟಿತ್ತು. ಬಲ್ಬಿನ ತಂತಿಗೆ ಫೆರೈಟ್ (ರೇಡಿಯೋ ಗದ್ದಲ ಹೀರುವ ಉಂಗುರ) ಸಿಕ್ಕಿಸಿದೆ, ಅರ್ಧ ಇಳಿಯಿತು; ಬಲ್ಬ್ ಬದಲಿಸಿದ ಮೇಲೆ ಪೂರ್ತಿ.

ಆನ್ ಮಾಡಿದೊಡನೆ ಬೇರೆಯವರ ಪರದೆಯಲ್ಲಿ ಬರೀ ನಂಬರು ಕಂಡರೆ ಪೆಟ್ಟಿಗೆ ಬಿಚ್ಚಬೇಡಿ. ಹೆಸರು ಹೋಗುವುದು ಆರು ನಿಮಿಷಕ್ಕೊಮ್ಮೆ.