ವಿಮಾನ ನಿಲ್ದಾಣದ ಟವರಿನ ರೇಡಿಯೋ ಪದೇ ಪದೇ ಕಟ್ಟಾದರೆ ಎಲ್ಲಿಂದ ಹುಡುಕಬೇಕು

ಮೊದಲನೆಯದು, ರೀಸೆಟ್ ಒತ್ತಬೇಡಿ. ಕಂಟ್ರೋಲರಿಗೆ ತಕ್ಷಣ ಸ್ಟ್ಯಾಂಡ್‌ಬೈ ಸೆಟ್ಟು ಕೊಡಿ, ವಿಮಾನಗಳ ಜೊತೆ ಮಾತು ನಡೆಯುತ್ತಿರಲಿ. ಕೈಕೊಟ್ಟ ಸೆಟ್ಟನ್ನು ಇದ್ದ ಹಾಗೇ ಬಿಟ್ಟು ಅದರ ಮೀಟರು, ಅಲಾರ್ಮು, ದೀಪ ಎಲ್ಲ ಬರೆದುಕೊಳ್ಳಿ. ಅಕ್ಕನ ಮಗ ಟವರಿನ ರೇಡಿಯೋ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ ಮೇಲೆ ಪೆರ್ಲದ ನಮ್ಮ ಮನೆಗೆ ಬರುವ ಫೋನೆಲ್ಲ ಒಂದೇ ನಮೂನೆ: “ಮಾವ, ಪುನಃ ಕಟ್ಟಾಯ್ತು. ರೀಸೆಟ್ ಮಾಡಿದೆ, ಈಗ ಸರಿ ಉಂಟು.” ಸರಿ ಎಂತದ್ದು ಮಾರಾಯ, ಸಾಕ್ಷಿಯನ್ನೇ ಒರೆಸಿ ಹಾಕಿದಿಯಲ್ಲ! ಪೂರ್ತಿ ಸತ್ತು ನಿಂತ ಸೆಟ್ಟನ್ನು ಯಾರು ಬೇಕಾದರೂ ರಿಪೇರಿ ಮಾಡಿಯಾರು. ಬಂದು ಹೋಗುವ ದೋಷವನ್ನು ಹಿಡಿಯುವುದಕ್ಕೆ ಬೇರೆಯೇ ಕ್ರಮ ಬೇಕು.

ಪೆಟ್ಟಿಗೆ ಬಿಚ್ಚುವ ಮೊದಲು ಮೇಲೆ ಹೋಗಿ ಕಂಟ್ರೋಲರನ್ನು ಕೇಳಿ. ಒಂದೇ ವಿಮಾನದ್ದು ಕೇಳಲಿಲ್ಲವೋ, ಎಲ್ಲರದ್ದೂ ಹೋಯಿತೋ? ಒಂದೇ ಆದರೆ ದೋಷ ಬಹುಶಃ ಆ ವಿಮಾನದಲ್ಲೇ. ನಮ್ಮ ಮಾತು ಅವರಿಗೆ ಹೋಗುತ್ತಿತ್ತೇ, ಅವರದ್ದು ಮಾತ್ರ ಬರಲಿಲ್ಲವೇ? ಯಾವ ದಿಕ್ಕು, ಎಷ್ಟು ಎತ್ತರ? ಈ ಕೊನೆಯದನ್ನು ಹುಡುಗರು ಕೇಳುವುದೇ ಇಲ್ಲ. ವಿಎಚ್‌ಎಫ್ ಅಲೆ (ವಿಮಾನದ ಮಾತನ್ನು ಹೊರುವ ರೇಡಿಯೋ ಅಲೆ) ಹೆಚ್ಚುಕಡಿಮೆ ನೇರ ಹೋಗುವಂಥದ್ದು. ಆಂಟೆನಾದ ಎತ್ತರ, ವಿಮಾನದ ಎತ್ತರ ಎರಡರ ವರ್ಗಮೂಲವನ್ನೂ ಮೀಟರಿನಲ್ಲಿ ತೆಗೆದು ಕೂಡಿಸಿ 4.12ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. 25 ಮೀಟರ್ ಕಂಬ, 900 ಮೀಟರ್ ಮೇಲಿನ ವಿಮಾನ ಎಂದಾದರೆ ಸುಮಾರು 144 ಕಿಲೋಮೀಟರ್. ಅದೇ ವಿಮಾನ 10,000 ಮೀಟರಿಗೇರಿದರೆ 430ರ ಆಸುಪಾಸು. ಅದೂ ನಡುವೆ ಅಡ್ಡ ಏನೂ ಇಲ್ಲದಿದ್ದರೆ. ನಮ್ಮ ಕರಾವಳಿಯಲ್ಲಿ ಪಡುವಣಕ್ಕೆ ಸಮುದ್ರ, ಮೂಡಣಕ್ಕೆ ಘಟ್ಟ. ಘಟ್ಟದ ಆಚೆ ತಗ್ಗಿನಲ್ಲಿರುವ ವಿಮಾನ ಕೇಳದಿದ್ದರೆ ಸೆಟ್ಟನ್ನು ಬೈದು ಫಲವಿಲ್ಲ.

ಆಮೇಲೆ ಒಂದು ಪುಸ್ತಕ ಇಡಿ. ಕಟ್ಟಾದ ಗಂಟೆ, ಮಳೆಯೋ ಬಿಸಿಲೋ, ಗಾಳಿ ಎಷ್ಟು, ಜನರೇಟರ್ ಓಡುತ್ತಿತ್ತೇ, ಎಲ್ಲ ಅದರಲ್ಲಿರಲಿ. ಒಂದು ಎಚ್ಚರಿಕೆ: ಟವರಿನ ಲಾಗ್ ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ, ಜನರೇಟರ್ ಕೋಣೆಯ ರಿಜಿಸ್ಟರ್ ನಮ್ಮ ಗಡಿಯಾರದಲ್ಲಿ. ಐದೂವರೆ ಗಂಟೆ ಕೂಡಿಸದೆ ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಸಂಬಂಧ ಕಾಣಿಸುವುದೇ ಇಲ್ಲ. ಕೂಡಿಸಿ ನೋಡಿದಾಗ ಎಲ್ಲ ಕಟ್ಟೂ ಜನರೇಟರ್ ಟೆಸ್ಟಿನ ಹೊತ್ತಿಗೇ ಬಿದ್ದದ್ದುಂಟು.

ರೆಕಾರ್ಡಿಂಗ್ ಹಾಕಿ ಕಣ್ಣುಮುಚ್ಚಿ ಕೇಳಿ. ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ಬಾಗಿಲು) ತೆರೆದಿದ್ದಾಗ ಬರುವ ಸುಯ್ ಎನ್ನುವ ಸದ್ದು ತಗ್ಗಿತು, ಆದರೆ ಮಾತಿಲ್ಲ ಎಂದರೆ ಮಾತನ್ನು ಹೊರುವ ಅಲೆ, ಅಂದರೆ ಕ್ಯಾರಿಯರ್, ಬಂದಿದೆ. ಹುಡುಕಬೇಕಾದ್ದು ಮೈಕು, ಆಡಿಯೋ ಲೈನು. ಹಾಡು, ಜಾಹೀರಾತು ನುಸುಳಿದರೆ ಎಫ್‌ಎಂ ಕೇಂದ್ರಗಳ ಮಿಶ್ರಣ. ಲೆಕ್ಕ ಸುಲಭ: ಒಂದು ಕೇಂದ್ರದ ತರಂಗಾಂತರದ ಎರಡು ಪಟ್ಟಿನಿಂದ ಇನ್ನೊಂದರದ್ದನ್ನು ಕಳೆಯಿರಿ. 106.8 ಮೆಗಾಹರ್ಟ್ಸಿನ ಇಮ್ಮಡಿ 213.6, ಅದರಿಂದ 92.1 ಹೋದರೆ 121.5. ಅದು ತುರ್ತು ತರಂಗಾಂತರ! ಟಕ್ ಟಕ್ ಎಂದು ಸೆಕೆಂಡಿಗೊಂದರಂತೆ ಬಂದರೆ ಸುತ್ತಲಿನ ತೋಟಗಳಲ್ಲಿ ಹಂದಿಗೆ ಹಾಕಿದ ಕರೆಂಟು ಬೇಲಿಯನ್ನೂ ನೋಡಿ ಬನ್ನಿ. ನಮ್ಮ ಪಕ್ಕದ ತೋಟದವರ ಬೇಲಿ ಮನೆಯ ರೇಡಿಯೋದಲ್ಲಿ ವಾರ್ತೆ ಕೇಳಲು ಬಿಡುವುದಿಲ್ಲ.

ಕೀಂಯ್ ಎಂಬ ಸೀಟಿ ಬಂದರೆ ಇಬ್ಬರು ಒಟ್ಟಿಗೆ ಒತ್ತಿದ್ದಾರೆ, ಇಲ್ಲವೇ ಯಾರದೋ ಮೈಕಿನ ಗುಂಡಿ ಸಿಕ್ಕಿಕೊಂಡಿದೆ. ವಿಮಾನ ಸಂವಹನ ಇಂದಿಗೂ ಎಎಂನಲ್ಲೇ (ಅಲೆಯ ಬಲ ಬದಲಿಸಿ ಮಾತು ಕಳಿಸುವ ಕ್ರಮ) ಉಳಿದದ್ದರ ಲಾಭ ಇದು. ಎಫ್‌ಎಂ ಆಗಿದ್ದರೆ ಬಲವಾದ ಸಿಗ್ನಲ್ ಇನ್ನೊಂದನ್ನು ಸದ್ದಿಲ್ಲದೆ ನುಂಗುತ್ತಿತ್ತು. ಆದರೆ ಸೀಟಿ ಮಾತನ್ನೂ ಮುಚ್ಚುತ್ತದೆ. 1977ರ ಮಾರ್ಚ್ 27ರಂದು ಸ್ಪೇನಿನ ದ್ವೀಪ ಟೆನೆರೀಫ್‌ನಲ್ಲಿ ಟವರ್ ಮತ್ತು ಪ್ಯಾನ್ ಆಮ್ ವಿಮಾನ ಒಟ್ಟಿಗೆ ಮಾತಾಡಿದವು. ಮೇಲೇರಲು ರನ್‌ವೇಯಲ್ಲಿ ಓಡಲು ಶುರುಮಾಡಿದ್ದ ಕೆಎಲ್‌ಎಂ ವಿಮಾನದಲ್ಲಿ ಕೇಳಿಸಿದ್ದು ಹೆಚ್ಚಾಗಿ ಸೀಟಿ. ಎರಡೂ ವಿಮಾನ ಡಿಕ್ಕಿ ಹೊಡೆದು ಸತ್ತವರು 583 ಮಂದಿ.

ಗಾಳಿಗೆ ಗರಗರ, ಮಳೆಗೆ ಮೌನ: ಇದು ನಮ್ಮ ಕಡೆಯ ಖಾಸಾ ದೋಷ, ಇಲ್ಲಿ ಸಾವಕಾಶ ಮಾಡಿ. ಮೇನ್ ಸೆಟ್ಟಿನಿಂದ ಸ್ಟ್ಯಾಂಡ್‌ಬೈಗೆ ಬದಲಿಸಿದರೂ ಹೋಗದಿದ್ದರೆ ಎರಡಕ್ಕೂ ಸಾಮಾನ್ಯವಾದದ್ದು ಏನು ಎಂದು ಕಾಗದದ ಮೇಲೆ ಗೆರೆ ಎಳೆಯಿರಿ. ಕೆಲವು ಕಡೆ ಸೆಟ್ಟು ಎರಡಿರುತ್ತವೆ, ಕೇಬಲ್ ಮತ್ತು ಆಂಟೆನಾ ಮಾತ್ರ ಒಂದೇ. ಆಟಿಯ ಮಳೆಗೆ ಕೇಬಲ್ ಜೋಡಿಸುವ ಎನ್-ಕನೆಕ್ಟರಿನ ಟೇಪು ಸಡಿಲಾಗಿ ನೀರು ಕೇಬಲ್ಲಿನ ತಂತಿ ಹೆಣಿಗೆಯೊಳಗೆ ಇಳಿದಿರುತ್ತದೆ, ಉಪ್ಪುಗಾಳಿ ಉಳಿದ ಕೆಲಸ ಮುಗಿಸುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಅಳೆದು “ಪಾಸ್” ಎಂದು ಬರೆಯುವವರನ್ನು ನಾನು ಬೇಕಷ್ಟು ಕಂಡಿದ್ದೇನೆ. ಆಂಟೆನಾಕ್ಕೆ ಹೋಗುವ, ಅಲ್ಲಿಂದ ಹಿಂದೆ ಬರುವ ಶಕ್ತಿಯನ್ನು ಮಳೆ ಬರುವಾಗಲೇ ಅಳೆಯಿರಿ, ಕೋಣೆಯೊಳಗೆ ಕೂತು. ಸಿಡಿಲಿದ್ದರೆ ಕೇಬಲ್ ಮುಟ್ಟಬೇಡಿ, ಕಂಬದ ಹತ್ತಿರ ಸುಳಿಯಬೇಡಿ. 50 ವಾಟ್ ಹೋಗಿ 2 ವಾಟ್ ಹಿಂದೆ ಬಂದರೆ ಅವೆರಡರಿಂದ ಸಿಗುವ ಅಳತೆ ಎಸ್‌ಡಬ್ಲ್ಯುಆರ್ 1.5, ಚಿಂತೆಯಿಲ್ಲ.

ಆದರೆ ಈ ಮೀಟರು ಮೋಸ ಮಾಡುತ್ತದೆ. ನೀರು ಕುಡಿದ ಕೇಬಲ್ ಹೋಗುವ ಶಕ್ತಿಯನ್ನೂ ತಿನ್ನುತ್ತದೆ, ಹಿಂದೆ ಬರುವುದನ್ನೂ ತಿನ್ನುತ್ತದೆ. 3 ಡೆಸಿಬೆಲ್ ನಷ್ಟದ, ಅಂದರೆ ಅರ್ಧ ಶಕ್ತಿ ತಿನ್ನುವ, ಕೇಬಲ್ಲಿನ ತುದಿಯಲ್ಲಿ ಆಂಟೆನಾ ಕಳಚಿ ಬಿದ್ದಿದ್ದರೂ ಹಿಂದೆ ಬಂದಂತೆ ಕೆಳಗೆ ಕಾಣುವುದು ಕಾಲು ಭಾಗ ಮಾತ್ರ. ಹಾಗಾಗಿ ಆಕಾಶ ತಿಳಿಯಾದ ಮೇಲೆ ಟ್ರಾನ್ಸ್‌ಮಿಟರ್ ಆಫ್ ಮಾಡಿಸಿ ಮೇಲೆ ಹತ್ತಿ, ತುದಿಗೆ ಕೆಳಗಿನಿಂದ ಓದಬಹುದಾದ ಪವರ್ ಮೀಟರನ್ನೂ ಡಮ್ಮಿ ಲೋಡನ್ನೂ (ಆಂಟೆನಾದ ಬದಲು ಶಕ್ತಿ ಹೀರುವ ಪೆಟ್ಟಿಗೆ) ಹಾಕಿ, ಇಳಿದು ಬಂದ ಮೇಲೆ ಆನ್ ಮಾಡಿ, ಅಲ್ಲಿಗೆ ಎಷ್ಟು ಶಕ್ತಿ ತಲುಪುತ್ತದೆ ನೋಡಿ. ಹೊಸ ಕನೆಕ್ಟರ್ ಹಾಕಿದರೆ ಅದರ ಕೆಳಗೆ ಕೇಬಲ್ಲಿಗೆ ಒಂದು ಬಳುಕು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಲಿ.

ಅರ್ತಿಂಗನ್ನು ಬೇಸಿಗೆಯಲ್ಲಿ ಅಳೆಯಿರಿ. ಒಣಗಿದ ಮುರಕಲ್ಲಿನ ಗುಡ್ಡ ಸುಲಭಕ್ಕೆ ಅರ್ತ್ ಕೊಡುವುದಿಲ್ಲ.

ಹೊರಗೆಲ್ಲ ಸರಿಯಿದ್ದರೆ ಧ್ವನಿ ವ್ಯವಸ್ಥೆ ನಡೆಸುವ ಕಂಪ್ಯೂಟರಿನ ಕಡೆ ತಿರುಗಿ, ಕೊನೆಯ ಸಲ ರೀಬೂಟ್ ಆದ ತಾರೀಕು ಹುಡುಕಿ. 2004ರ ಸೆಪ್ಟೆಂಬರ್ 14ರಂದು ಲಾಸ್ ಏಂಜಲೀಸ್ ವಿಮಾನ ನಿಯಂತ್ರಣ ಕೇಂದ್ರದ ಧ್ವನಿ ವ್ಯವಸ್ಥೆ ನಿಂತು ನೂರಾರು ವಿಮಾನಗಳ ಸಂಪರ್ಕ ಹೋಯಿತು. ಬದಲಿ ವ್ಯವಸ್ಥೆಯೂ ಕೂಡಲೇ ಕೈಕೊಟ್ಟಿತು. ಒಳಗಿನ ಒಂದು ಎಣಿಕೆ ಮಿಲಿಸೆಕೆಂಡ್ ಲೆಕ್ಕದಲ್ಲಿ ಇಳಿಯುತ್ತಾ 49.7 ದಿನಕ್ಕೆ ಮುಗಿಯುತ್ತಿತ್ತು, ಅದಕ್ಕೆ ಮೊದಲು ಮಾಡಬೇಕಿದ್ದ ರೀಬೂಟ್ ತಪ್ಪಿತ್ತು. ದೂರದಿಂದ ಬರುವ ಲೈನನ್ನೂ ಮರೆಯಬೇಡಿ. 2025ರ ಏಪ್ರಿಲ್ 28ರಂದು ಅಮೆರಿಕದ ನೆವಾರ್ಕ್ ನಿಲ್ದಾಣದ ವಿಮಾನಗಳನ್ನು ನೋಡಿಕೊಳ್ಳುವ ಫಿಲಡೆಲ್ಫಿಯಾ ಕೇಂದ್ರದಲ್ಲಿ ರೇಡಾರಿಗೂ ರೇಡಿಯೋಗೂ ಪೆಟ್ಟು ಬಿದ್ದದ್ದು ದೂರಸಂಪರ್ಕ ಲೈನಿನಿಂದ. ಮೇ 9ರಂದು ಪುನಃ ಅದೇ ಕತೆ.

ನೀವು ಹುಡುಕುವಷ್ಟು ಹೊತ್ತು ಮೇಲಿನವರು ಸುಮ್ಮನಿರುವುದಿಲ್ಲ. ಪೈಲಟ್ 7600 (ರೇಡಿಯೋ ಕೆಟ್ಟಿದೆ ಎಂದು ರೇಡಾರಿಗೆ ತಿಳಿಸುವ ಸಂಕೇತ) ಒತ್ತುತ್ತಾನೆ, 121.5ರಲ್ಲಿ ಕರೆ ಹೋಗುತ್ತದೆ, ಬೇರೆ ವಿಮಾನದ ಮೂಲಕ ಮಾತು ದಾಟಿಸುತ್ತಾರೆ, ಹತ್ತಿರವಿದ್ದರೆ ಟವರಿನಿಂದ ದೀಪ: ಸ್ಥಿರ ಹಸಿರಾದರೆ ಇಳಿಯಬಹುದು, ಸ್ಥಿರ ಕೆಂಪಾದರೆ ಸುತ್ತುತ್ತಿರಬೇಕು. ಆ ದೀಪ ಚಾರ್ಜಿನಲ್ಲಿದೆಯೇ ಎಂದು ನೋಡುವುದೂ ನಿಮ್ಮ ಪಾಲಿಗೇ ಬರುತ್ತದೆ.

ರಿಪೇರಿಯಾದ ಮೇಲೆ ಮುಂದಿನ ದೊಡ್ಡ ಮಳೆ ಕಳೆಯುವವರೆಗೆ ಪುಸ್ತಕದಲ್ಲಿ ಆ ಪುಟ ಮುಚ್ಚಬೇಡಿ. ಕತ್ತರಿಸಿ ತೆಗೆದ ಹಸಿರುಗಟ್ಟಿದ ಕನೆಕ್ಟರಿಗೆ ತಾರೀಕಿನ ಚೀಟಿ ಕಟ್ಟಿ ಡ್ರಾಯರಿನಲ್ಲಿಡಿ. ಹೊಸ ಕೇಬಲ್ಲಿಗೆ ದುಡ್ಡು ಕೇಳಲು ಹೋದಾಗ ಲೆಕ್ಕದ ವಿಭಾಗದವರ ಮೇಜಿನ ಮೇಲೆ ಇಡಲಿಕ್ಕೆ ಬೇಕಾಗುತ್ತದೆ.