ಮಂಗಳವಾರದ ಅಂಕಿ

ನಾನು ಹಿಟ್ಟಿನ ಗಿರಣಿಯವನು. ಮೂರು ವರ್ಷದ ಹಿಂದೆ ಸಂಜೆಯಾದರೆ ಕೆಮ್ಮು, ನಡುರಾತ್ರಿ ಎದೆಯೊಳಗೆ ಸುಯ್ ಸುಯ್ ಸದ್ದು ಶುರುವಾಯಿತು. ಮೆಣಸಿನಕಾಯಿ ಬೀಸುವವನಿಗೆ ಕೆಮ್ಮೇನು ಹೊಸದೇ ಎಂದು ಒಂದು ವರ್ಷ ಕಷಾಯ ಕುಡಿದೆ. ಮೃಗಶಿರದ ದಿನ ಹೈದರಾಬಾದಿಗೆ ಹೋಗಿ, ಉಸಿರಿನ ತೊಂದರೆಗೆಂದು ಕೊಡುವ ಮದ್ದಿನ ಮೀನನ್ನೂ ನುಂಗಿ ಬಂದೆ. ಸುಯ್ ಸದ್ದು ನನ್ನ ಜೊತೆಯಲ್ಲೇ ರೈಲು ಹತ್ತಿ ವಾಪಸಾಯಿತು.

ಶ್ವಾಸಕೋಶದ ವೈದ್ಯರು ಒಂದು ಯಂತ್ರಕ್ಕೆ ಊದಿಸಿದರು. ಔಷಧ ಎಳೆಸಿ, ಕಾಲು ಗಂಟೆ ಕೂರಿಸಿ, ಮತ್ತೆ ಊದಿಸಿದರು. ಮೊದಲ ಸೆಕೆಂಡಿನಲ್ಲಿ ಹೊರಬಿದ್ದ ಗಾಳಿ 1.9 ಲೀಟರಿನಿಂದ 2.3ಕ್ಕೆ ಏರಿತ್ತು. ಇಷ್ಟು ಏರಿತೆಂದರೆ ಉಸಿರಿನ ಕೊಳವೆಗಳು ಬಿಗಿದುಕೊಂಡಿವೆ, ಸಡಿಲಗೊಳ್ಳಬಲ್ಲವು, ಇದು ಉಬ್ಬಸ ಎಂದರು. ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಮತ್ತು ಕೊಳವೆ ಸಡಿಲಿಸುವ ಫಾರ್ಮೊಟೆರಾಲ್ ಇರುವ ಇನ್ಹೇಲರ್ ಬರೆದುಕೊಟ್ಟರು. ಸ್ಟೀರಾಯ್ಡ್ ಎಂದೊಡನೆ ಹಿಂಜರಿದೆ. ‘ಮಾತ್ರೆಯಲ್ಲಾದರೆ ಲೆಕ್ಕ ಮಿಲಿಗ್ರಾಂ, ಇದರಲ್ಲಿ ಮೈಕ್ರೊಗ್ರಾಂ, ಸಾವಿರದಲ್ಲೊಂದು’ ಎಂದರು. ದಿನವಿಡೀ ತಕ್ಕಡಿ ಮುಂದೆ ಕೂರುವವನಿಗೆ ಅಷ್ಟು ಸಾಕಾಯಿತು.

ಆದರೂ ಎರಡು ತಿಂಗಳು ಗುಣ ಕಾಣಲಿಲ್ಲ. ತಪ್ಪು ನನ್ನದೇ. ಮೊದಲು ಒತ್ತಿ, ಆಮೇಲೆ ಗಬಕ್ಕನೆ ಉಸಿರೆಳೆಯುತ್ತಿದ್ದೆ. ಔಷಧವೆಲ್ಲ ನಾಲಿಗೆಗೂ ಅಂಗುಳಿಗೂ ಮೆತ್ತಿಕೊಳ್ಳುತ್ತಿತ್ತು. ನರ್ಸಮ್ಮ ಸ್ಪೇಸರ್ ಎಂಬ ಡಬ್ಬಿ ಸಿಕ್ಕಿಸಿ ಕಲಿಸಿದರು: ಅಲುಗಾಡಿಸು, ಉಸಿರು ಪೂರ್ತಿ ಬಿಡು, ಒತ್ತು, ನಿಧಾನವಾಗಿ ಎಳೆ, ಹತ್ತು ಎಣಿಸುವವರೆಗೆ ಹಿಡಿದಿಡು, ಕೊನೆಗೆ ಬಾಯಿ ಮುಕ್ಕಳಿಸಿ ಉಗಿ. ಮುಕ್ಕಳಿಸದಿದ್ದರೆ ಬಾಯಲ್ಲಿ ಬಿಳಿ ಬೂಷ್ಟು ಬರುತ್ತದೆ. ನನಗೆ ಬಂದಿತ್ತು.

ನಿಜವಾದ ಗುಟ್ಟು ಹೊರಬಿದ್ದದ್ದು ಪೀಕ್ ಫ್ಲೋ ಮೀಟರಿನಿಂದ. ಅದೊಂದು ಪ್ಲಾಸ್ಟಿಕ್ ಕೊಳವೆ. ಜೋರಾಗಿ ಊದಿದರೆ ಮುಳ್ಳು ಸರಿದು, ಗಾಳಿ ನಿಮಿಷಕ್ಕೆ ಎಷ್ಟು ಲೀಟರಿನ ವೇಗದಲ್ಲಿ ಹೊರಬಿತ್ತೆಂದು ತೋರಿಸುತ್ತದೆ; ಅಂಕಿ ದೊಡ್ಡದಾದಷ್ಟೂ ಕೊಳವೆ ಸಡಿಲ. ಮೂರು ಸಲ ಊದಿ ದೊಡ್ಡ ಅಂಕಿ ಬರೆದುಕೊಳ್ಳಬೇಕು, ದಿನಕ್ಕೆ ನಾಲ್ಕು ಹೊತ್ತು, ನಾಲ್ಕು ವಾರ. ಗಿರಣಿಯ ಉದ್ರಿ ಪುಸ್ತಕದ ಹಿಂಬದಿಯಲ್ಲಿ ಬರೆದೆ. ಸೋಮವಾರ ರಾತ್ರಿ 310. ಮಂಗಳವಾರ ರಜೆ, ಸಂಜೆಗೆ 360. ತಂಗಿಯ ಮಗಳ ಮದುವೆಗೆಂದು ಎಂಟು ದಿನ ಊರಲ್ಲಿದ್ದಾಗ 430. ವಾಪಸು ಬಂದ ಮೂರನೆಯ ದಿನ ಮತ್ತೆ 320. ಮೆಣಸಿನಕಾಯಿಯ ದಿನ ಕೆಮ್ಮು ಬಂದರೂ ಅಂಕಿ ಹೆಚ್ಚು ಇಳಿಯುತ್ತಿರಲಿಲ್ಲ. ಬೀಳುತ್ತಿದ್ದದ್ದು ಗೋಧಿಯ ದಿನ! ಚರ್ಮಕ್ಕೆ ಚುಚ್ಚಿ ನೋಡಿದಾಗಲೂ ದದ್ದೆದ್ದದ್ದು ಗೋಧಿಗೇ. ಇಷ್ಟು ವರ್ಷ ಪಾಪದ ಬ್ಯಾಡಗಿಯನ್ನು ಬೈದಿದ್ದೆ.

ಗಿರಣಿ ಬಿಡುವುದೇ ಸರಿಯಾದ ಮದ್ದು ಎಂದು ವೈದ್ಯರು ನೇರವಾಗಿ ಹೇಳಿದರು. ಸಾಲ ಇರುವವನು ಹೇಗೆ ಬಿಡಲಿ? ಗೋಧಿ ಬೀಸುವುದನ್ನು ತಮ್ಮನ ಮಗನಿಗೆ ಒಪ್ಪಿಸಿ, ತಕ್ಕಡಿಯನ್ನು ಹೊರಗಿನ ಜಗಲಿಗೆ ಎಳೆದುಕೊಂಡೆ. ಹಿಟ್ಟು ಇಳಿಯುವ ಬಾಯಿಗೆ ಕಟ್ಟಿದ ಬಟ್ಟೆಯನ್ನು ಕೊನೆಯ ಹಿಡಿ ಹಿಟ್ಟಿಗಾಗಿ ಪಟಪಟ ಬಡಿಯುವುದು ನಮ್ಮಲ್ಲಿ ವಾಡಿಕೆ, ಅದನ್ನು ನಿಲ್ಲಿಸಿದೆ. ಹಿಟ್ಟು ಕಡಿಮೆ ಬಂತೆಂದು ಇಬ್ಬರು ಗಿರಾಕಿಗಳು ಜಗಳವಾಡಿ ಹೋದರು. ಪೊರಕೆಯ ಬದಲು ಒದ್ದೆ ಬಟ್ಟೆ ಬಂತು. ಒಳಗೆ ಕಾಲಿಟ್ಟರೆ ಇಬ್ಬರಿಗೂ ಎನ್95 ಮಾಸ್ಕ್. ಸಂಜೆಯ ಅಂಕಿ ಈಗ 400ರ ಆಚೀಚೆ ನಿಂತಿದೆ. ಇನ್ಹೇಲರನ್ನು ಒಂದು ಹೊತ್ತೂ ಬಿಟ್ಟಿಲ್ಲ.

ಉದ್ರಿ ಪುಸ್ತಕದಲ್ಲಿ ತಮ್ಮನ ಮಗನಿಗೂ ಒಂದು ಪುಟ ತೆರೆದಿದ್ದೇನೆ. ‘ನನಗೇನೂ ಆಗಿಲ್ಲ ದೊಡ್ಡಪ್ಪ’ ಎಂದು ಗೊಣಗುತ್ತಲೇ ಪ್ರತಿ ಸೋಮವಾರ ಊದುತ್ತಾನೆ. ಮೊದಲ ದಿನ 540 ಇತ್ತು, ಮೊನ್ನೆಯೂ 540.